ಎಕ್ಸ್-ರೇ ತೆಗೆಯುವವರು ಗೋಡೆಯ ಮರೆಗೆ ಹೋಗುವುದೇಕೆ?

ಪ್ರಶ್ನೆ: ಕೆಮ್ಮು ನಿಲ್ಲದ ಕಾರಣ ನಮ್ಮ ಮಾವನವರಿಗೆ ಎರಡು ತಿಂಗಳಲ್ಲಿ ಮೂರು ಸಲ ಎದೆಯ ಎಕ್ಸ್-ರೇ ತೆಗೆಸಿದ್ದೇವೆ. ಅಪಾಯವಿಲ್ಲ ಎಂದು ಹೇಳುವ ದವಾಖಾನೆಯವರೇ ಗುಂಡಿ ಒತ್ತುವಾಗ ಗೋಡೆಯ ಮರೆಗೆ ಹೋಗುತ್ತಾರೆ. ಈಗ ಎದೆಯ ಸಿ.ಟಿ. ಸ್ಕ್ಯಾನ್‌ಗೆ ಹುಬ್ಬಳ್ಳಿಗೆ ಹೋಗಲು ಬರೆದುಕೊಟ್ಟಿದ್ದಾರೆ. ಮಾಡಿಸಬಹುದೇ? ನಾನು ಐದು ತಿಂಗಳ ಗರ್ಭಿಣಿ, ಅವರ ಜೊತೆ ಹೋಗಬಹುದೇ?
— ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ. ನಿಮ್ಮ ಮಾವನವರು ಆ ಕೋಣೆಗೆ ಹೋದದ್ದು ಮೂರು ಸಲ. ಅಲ್ಲಿ ಕೆಲಸ ಮಾಡುವವರಾದರೋ ದಿನಕ್ಕೆ ಹತ್ತಾರು ಜನರ ಚಿತ್ರವನ್ನು ವರ್ಷಗಟ್ಟಲೆ ತೆಗೆಯುತ್ತಾರೆ, ಅದರಿಂದ ಅವರ ದೇಹಕ್ಕೆ ಯಾವ ಪ್ರಯೋಜನವೂ ಇಲ್ಲ. 1895ರಲ್ಲಿ ಜರ್ಮನಿಯ ರಾಂಟ್‌ಗನ್ ಈ ಕಿರಣಗಳನ್ನು ಕಂಡುಹಿಡಿದ ಹೊಸದರಲ್ಲಿ ಯಾರಿಗೂ ಈ ಎಚ್ಚರವಿರಲಿಲ್ಲ. ಕಿರಣಗಳನ್ನು ಹೊರಡಿಸುವ ಗಾಜಿನ ಕೊಳವೆ ಸರಿಯಾಗಿದೆಯೇ ಎಂದು ನೋಡಲು ತಮ್ಮದೇ ಕೈಯನ್ನು ಅಡ್ಡ ಹಿಡಿಯುತ್ತಿದ್ದವರ ಚರ್ಮ ಸುಟ್ಟು, ಹಲವರಿಗೆ ಕ್ಯಾನ್ಸರ್ ಆಯಿತು. ಎಡಿಸನ್‌ರ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಹೀಗೆಯೇ ತೀರಿಕೊಂಡರು. ಇಂದಿನ ಗೋಡೆ, ಸೀಸದ ಏಪ್ರನ್, ವಿಕಿರಣವನ್ನು ಲೆಕ್ಕವಿಡುವ ಎದೆಯ ಮೇಲಿನ ಬ್ಯಾಡ್ಜ್ ಎಲ್ಲವೂ ಆ ಅನುಭವದಿಂದ ಬಂದವು.

ಕೊಳವೆಯೊಳಗೆ ವೇಗವಾಗಿ ಓಡಿದ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಲೋಹಕ್ಕೆ ಅಪ್ಪಳಿಸಿದಾಗ ಅವುಗಳ ಶಕ್ತಿಯ ಶೇಕಡಾ 99ರಷ್ಟು ಬರಿಯ ಶಾಖವಾಗುತ್ತದೆ, ಉಳಿದ ಅಲ್ಪ ಭಾಗವಷ್ಟೇ ಎಕ್ಸ್ ಕಿರಣ. ಸುಣ್ಣದ ಅಂಶವುಳ್ಳ ಎಲುಬು ಅದನ್ನು ಹೆಚ್ಚು ಹೀರಿಕೊಂಡು ಬಿಳಿಯಾಗಿಯೂ, ಗಾಳಿ ತುಂಬಿದ ಶ್ವಾಸಕೋಶ ಬಿಟ್ಟುಕೊಟ್ಟು ಕಪ್ಪಾಗಿಯೂ ಕಾಣುತ್ತವೆ. ಯಂತ್ರ ನಿಂತೊಡನೆ ಕಿರಣವೂ ಇಲ್ಲವಾಗುತ್ತದೆ. ಮೈಯಲ್ಲಾಗಲಿ ಬಟ್ಟೆಯಲ್ಲಾಗಲಿ ಏನೂ ಉಳಿಯುವುದಿಲ್ಲ, ಆದ್ದರಿಂದ ಮನೆಗೆ ಬಂದ ಮಾವನವರ ಹತ್ತಿರ ಕೂಡಲು ನೀವು ಅಂಜಬೇಕಿಲ್ಲ.

ಎದೆಯ ಒಂದು ಎಕ್ಸ್-ರೇಯಿಂದ ತಗಲುವ ವಿಕಿರಣ ಸಾಮಾನ್ಯವಾಗಿ 0.1 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆಮಾನ) ಮೀರುವುದಿಲ್ಲ. ನೆಲ, ಗಾಳಿ, ಆಹಾರ, ಆಕಾಶಗಳಿಂದ ಮನುಷ್ಯನಿಗೆ ತಾನಾಗಿ ತಗಲುವುದೇ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್, ಮೂರೂ ಚಿತ್ರಗಳನ್ನು ಕೂಡಿಸಿದರೂ ಒಂದೂವರೆ ತಿಂಗಳ ಪಾಲಿಗಿಂತ ಹೆಚ್ಚಾಗದು. ಸಿ.ಟಿ.ಯ ಮಾತು ಬೇರೆ. ಎದೆಯ ಸಾಮಾನ್ಯ ಸಿ.ಟಿ.ಗೆ ಸುಮಾರು 5ರಿಂದ 7 ಮಿಲಿಸೀವರ್ಟ್ ಬೇಕಾಗುವುದರಿಂದ ಅದನ್ನು ‘ಇರಲಿ, ನೋಡೋಣ’ ಎಂದು ಮಾಡಿಸತಕ್ಕದ್ದಲ್ಲ. ಆದರೂ ಅದರಿಂದ ಹೆಚ್ಚುವ ಕ್ಯಾನ್ಸರಿನ ಸಂಭವ ಬಹಳ ಚಿಕ್ಕದು, ಕಾಣಿಸಿಕೊಳ್ಳುವುದಿದ್ದರೂ ವರ್ಷಗಳು ಬೇಕು. ಹಿರಿಯರಲ್ಲಿ ನಿಲ್ಲದ ಕೆಮ್ಮಿನ ಕಾರಣ ತಿಳಿಯದೆ ಉಳಿಯುವುದೇ ಅದಕ್ಕಿಂತ ಹೆಚ್ಚಿನ ಅಪಾಯವೆಂದು ನನ್ನ ಅಭಿಪ್ರಾಯ. ವೈದ್ಯರು ಕಾರಣ ಹೇಳಿ ಬರೆದಿದ್ದರೆ ಮಾಡಿಸಿರಿ.

ನೀವು ಜೊತೆಗೆ ಹೋಗಬಹುದು, ಆದರೆ ಯಂತ್ರದ ಕೋಣೆಯ ಹೊರಗೆ ಕೂಡಿರಿ. ಮಾವನವರನ್ನು ಹಿಡಿದುಕೊಳ್ಳಬೇಕಾಗಿ ಬಂದರೆ ನಿಮ್ಮ ಯಜಮಾನರೋ ಬೇರೆಯವರೋ ಏಪ್ರನ್ ತೊಟ್ಟು ಒಳಗೆ ಹೋಗಲಿ. ಹಳೆಯ ಮೂರು ಫಿಲ್ಮುಗಳನ್ನೂ ವರದಿಗಳನ್ನೂ ಮರೆಯದೆ ಒಯ್ಯಿರಿ. ಅವು ಕೈಯಲ್ಲಿಲ್ಲದ ಕಾರಣಕ್ಕೇ ಎಷ್ಟೋ ಜನರಿಗೆ ನಾಲ್ಕನೆಯ ಎಕ್ಸ್-ರೇ ತೆಗೆಸಬೇಕಾಗುತ್ತದೆ.