ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಇವತ್ತು ಮಜಾ ಕೊಡುವ ಆರ್ಕೇಡ್ ರೇಸಿಂಗ್ ಗೇಮ್ ಯಾವವು?

ಪ್ರಶ್ನೆ: ನಾನು ಜಮಖಂಡಿ ಕಡೆಯವ. ಹಿಂದೆ ಸೈಬರ್ ಕೆಫೆಯಲ್ಲಿ ರೋಡ್ ರ್‍ಯಾಶ್, ನೀಡ್ ಫಾರ್ ಸ್ಪೀಡ್ (ಎನ್‌ಎಫ್‌ಎಸ್) ಮೋಸ್ಟ್ ವಾಂಟೆಡ್ ಭಾಳ ಆಡಿದ್ದೆ. ಈಗ ಐ5 ಲ್ಯಾಪ್‌ಟಾಪ್ ಇದೆ, 8 ಜಿಬಿ ರ್‍ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಅಸೆಟ್ಟೊ ಕೊರ್ಸಾ ಹಾಕಿ ನೋಡಿದೆ, ಕೀಬೋರ್ಡ್‌ನಲ್ಲಿ ಪ್ರತಿ ತಿರುವಿಗೂ ಗಾಡಿ ಗಿರಕಿ ಹೊಡೆಯುತ್ತದೆ. ನೆಟ್ ಅಂದರೆ ಮೊಬೈಲ್‌ನ ದಿನಕ್ಕೆ 1.5 ಜಿಬಿ. ಯಾವ ಗೇಮ್ ತಗೊಳ್ಳಲಿ?

ಉತ್ತರ: ಗಾಡಿ ಗಿರಕಿ ಹೊಡೆಯುವುದು ನಿಮ್ಮ ಕೈಯ ದೋಷ ಅಲ್ಲ. ಅಸೆಟ್ಟೊ ಕೊರ್ಸಾ ಸಿಮ್ಯುಲೇಟರ್. ಟೈರಿಗೆ ಎಷ್ಟು ಹಿಡಿತ ಉಳಿದಿದೆ ಎಂಬ ಲೆಕ್ಕದ ಮೇಲೆ ಅದು ಓಡುತ್ತದೆ, ಎಕ್ಸಲರೇಟರನ್ನು ಕಾಲು ಭಾಗ, ಅರ್ಧ ಭಾಗ ಎಂದು ಅಳೆದು ಒತ್ತಬೇಕು. ಕೀಬೋರ್ಡಿಗೆ ಸೊನ್ನೆ ಮತ್ತು ನೂರು ಎರಡೇ ಗೊತ್ತು. ಆರ್ಕೇಡ್ ಗೇಮ್‌ನಲ್ಲಿ ಆ ಲೆಕ್ಕವನ್ನು ಬೇಕೆಂದೇ ಸಡಿಲ ಬಿಟ್ಟಿರುತ್ತಾರೆ: ಬ್ರೇಕ್ ತಟ್ಟಿದರೆ ಗಾಡಿ ಜಾರಬೇಕು, ಜಾರಿದರೂ ನಿಮ್ಮ ಮಾತು ಕೇಳಬೇಕು. ಅದಕ್ಕೇ ಕೀಬೋರ್ಡಿನಲ್ಲೂ ನಡೆಯುತ್ತದೆ.

ಹೆಸರು ನೋಡಿ ಗೇಮ್ ಆರಿಸಬೇಡಿ ಎಂಬುದು ನನ್ನ ಮೊದಲ ಮಾತು. ಹಳೆಯ ಆಟದಲ್ಲಿ ನಿಮಗೆ ಖುಷಿ ಕೊಟ್ಟದ್ದು ಯಾವುದು ಎಂದು ಮೊದಲು ನೆನಪು ಮಾಡಿಕೊಳ್ಳಿ. ತಿರುವಿನಲ್ಲಿ ಜಾರುವುದೋ, ಎದುರು ಬರುವ ಗಾಡಿಗಳ ನಡುವೆ ನುಗ್ಗುವುದೋ, ಪೊಲೀಸರಿಂದ ತಪ್ಪಿಸಿಕೊಳ್ಳುವುದೋ, ಪಕ್ಕದವನನ್ನು ಒದ್ದು ಬೀಳಿಸುವುದೋ? ಒಂದೊಂದಕ್ಕೂ ಇವತ್ತು ಬೇರೆ ಬೇರೆ ಗೇಮ್ ಇವೆ.

ಜಾರುವ ಸುಖ ಬೇಕಾದರೆ ಸ್ಲಿಪ್‌ಸ್ಟ್ರೀಮ್‌ನಿಂದ ಶುರು ಮಾಡಿ. 2018ರದು, ಬ್ರೆಜಿಲ್‌ನ ಒಬ್ಬನೇ ಡೆವಲಪರ್ ಮಾಡಿದ್ದು. ಸೆಗಾ ಕಂಪನಿಯ 1986ರ ಔಟ್‌ರನ್ ಗೇಮ್‌ನ ದಾರಿಯಲ್ಲೇ ನಡೆಯುತ್ತದೆ: ಒಂದು ಹಂತ ಮುಗಿಯುವಾಗ ರಸ್ತೆ ಎರಡಾಗಿ ಕವಲೊಡೆಯುತ್ತದೆ, ಎಡವೋ ಬಲವೋ ನೀವೇ ಆರಿಸುತ್ತೀರಿ. ಹಳೆಯ ಲ್ಯಾಪ್‌ಟಾಪ್‌ಗೂ ಭಾರ ಆಗುವುದಿಲ್ಲ. ತಿರುವು ತೆಗೆಯುವ ರೀತಿ ಹೀಗೆ. ತಿರುವಿನ ಬೋರ್ಡು ಕಂಡ ಕೂಡಲೇ ಒಳಗಿನ ಅಂಚಿನ ಕಡೆಗೆ ಹೊರಳಿಸುತ್ತ ಬ್ರೇಕನ್ನು ಒಮ್ಮೆ ತಟ್ಟಿ, ಹಿಡಿದು ಕೂಡಬೇಡಿ, ತಕ್ಷಣ ಮತ್ತೆ ಎಕ್ಸಲರೇಟರ್ ಒತ್ತಿ. ಹಿಂಬದಿ ಹೊರಗೆ ಬರುತ್ತದೆ. ಇನ್ನು ಮುಂದೆ ಬಾಣದ ಕೀಲಿಯನ್ನು ಒತ್ತಿ ಹಿಡಿಯದೆ ಸಣ್ಣಗೆ ಬಿಟ್ಟು ಬಿಟ್ಟು ತಟ್ಟುತ್ತ ಹೋದರೆ ಜಾರು ಹದಕ್ಕೆ ಬರುತ್ತದೆ. ಹೊಸಬರು ಎಡವುವುದು ಬ್ರೇಕ್ ತಡವಾಗಿ ತಟ್ಟುವುದರಲ್ಲಿ. ತಿರುವಿನ ಒಳಗೆ ಹೋದ ಮೇಲೆ ತಟ್ಟಿದರೆ ಗಾಡಿ ಹೊರಗಿನ ಅಂಚಿಗೇ ಹೋಗಿ ಬೀಳುತ್ತದೆ. ಕೆಲವು ಸೆಕೆಂಡು ಹಿಂದಕ್ಕೆ ತಿರುಗಿಸುವ ರಿವೈಂಡ್ ಇದೆ, ಒಂದೇ ತಿರುವನ್ನು ನಾಲ್ಕೈದು ಸಲ ತಿದ್ದಿಕೊಳ್ಳಬಹುದು. ಮುಂದಿನ ಗಾಡಿಯ ಬೆನ್ನಿಗೆ ಅಂಟಿಕೊಂಡು ಓಡಿದರೆ ಗಾಳಿಯ ತಡೆ ತಪ್ಪಿ ವೇಗ ಏರುತ್ತದೆ, ಗೇಮ್‌ನ ಹೆಸರೇ ಅದು.

ಅದು ಕೈಗೆ ಕೂತ ಮೇಲೆ ಆರ್ಟ್ ಆಫ್ ರ್‍ಯಾಲಿ, 2020ರದು. ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಚಿತ್ರ ಸರಳ, ಆದರೆ ಗಾಡಿಯ ತೂಕ ಬೆರಳಿಗೆ ತಿಳಿಯುತ್ತದೆ. ಬೆಳಗಾವಿಯಿಂದ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟಿನಲ್ಲಿ ಗಾಡಿ ಹೊಡೆದವರಿಗೆ ಇದರ ರುಚಿ ಬೇಗ ಹತ್ತುತ್ತದೆ: ಒಂದು ತಿರುವು ಮುಗಿಯುವ ಮೊದಲೇ ಮುಂದಿನದಕ್ಕೆ ಗಾಡಿಯನ್ನು ಸಜ್ಜು ಮಾಡಬೇಕು. ಪಕ್ಕದಲ್ಲಿ ಕೂತು ದಾರಿ ಹೇಳುವ ಕೋ-ಡ್ರೈವರ್ ಇದರಲ್ಲಿ ಇಲ್ಲ, ಆದ್ದರಿಂದ ಮುಂದಿನ ರಸ್ತೆ ಚೆನ್ನಾಗಿ ಕಾಣುವ ಕ್ಯಾಮೆರಾ ಆರಿಸಿಕೊಳ್ಳಿ. ಶುರುವಿನಲ್ಲಿ ಕಡಿಮೆ ಪವರ್‌ನ 1960ರ ದಶಕದ ಗಾಡಿಗಳನ್ನೇ ಓಡಿಸಿ. ನೇರ ಗ್ರೂಪ್ ಬಿ, ಅಂದರೆ 1980ರ ದಶಕದ ಭಾರಿ ಪವರ್‌ನ ಗಾಡಿ ಹತ್ತಿದರೆ ನಿಮಗೆ ಮತ್ತೆ ಅದೇ ಗಿರಕಿ. ಸೆಟ್ಟಿಂಗ್ಸ್‌ನಲ್ಲಿ ಗಾಡಿ ಗಿರಕಿ ಹೊಡೆಯದಂತೆ ಹಿಡಿಯುವ ಸ್ಟೆಬಿಲಿಟಿ ಅಸಿಸ್ಟ್ ಹೆಚ್ಚಿಗೆ ಇಟ್ಟು, ವಾರ ಕಳೆದ ಮೇಲೆ ಒಂದೊಂದೇ ಮೆಟ್ಟಿಲು ಇಳಿಸಿ.

ಗಾಡಿಗಳ ನಡುವೆ ನುಗ್ಗುವ ಹುಮ್ಮಸ್ಸಿಗೆ ಬರ್ನ್‌ಔಟ್ ಪ್ಯಾರಡೈಸ್ ರೀಮಾಸ್ಟರ್ಡ್ ಬಿಟ್ಟು ಬೇರೆ ಹೆಸರು ನಾನು ಹೇಳುವುದಿಲ್ಲ. ಮೂಲ ಗೇಮ್ 2008ರದು, ರೀಮಾಸ್ಟರ್ 2018ರದು. ಅಸಲು ಹಳೆಯದಾದ್ದರಿಂದ ರೆಸಲ್ಯೂಷನ್ (ಚಿತ್ರದ ಸೂಕ್ಷ್ಮತೆ) 720ಪಿಗೆ ಇಳಿಸಿದರೆ ಲ್ಯಾಪ್‌ಟಾಪ್‌ನ ಒಳಗಿನ ಗ್ರಾಫಿಕ್ಸ್‌ನಲ್ಲೂ ಪ್ರಯತ್ನಿಸಬಹುದು. ಎದುರು ಲೇನ್‌ನಲ್ಲಿ ಓಡಿದರೆ, ಇನ್ನೊಂದು ಗಾಡಿಗೆ ಕೂದಲೆಳೆಯಲ್ಲಿ ತಪ್ಪಿಸಿಕೊಂಡರೆ ಬೂಸ್ಟ್ ತುಂಬುತ್ತದೆ. ಕಬ್ಬಿನ ಹಂಗಾಮಿನಲ್ಲಿ ಡಬಲ್ ಟ್ರೇಲರ್ ಟ್ರ್ಯಾಕ್ಟರ್‌ಗಳ ನಡುವೆ ಜೀವ ಹಿಡಿದುಕೊಂಡು ಹೋಗುವ ನಮ್ಮ ಕಡೆಯವರಿಗೆ, ಯಾರಿಗೂ ಪೆಟ್ಟಾಗದ ಕಡೆ ಆ ನುಗ್ಗಾಟವನ್ನು ಆಡಿ ತೀರಿಸಿಕೊಳ್ಳಲು ಇದಕ್ಕಿಂತ ಛಲೋ ಜಾಗ ಇಲ್ಲ.

ಇದರಲ್ಲಿ ಎರಡು ವಿಷಯ ಹೊಸಬರಿಗೆ ತಿಳಿಯುವುದಿಲ್ಲ, ಸಿಟ್ಟಿಗೆದ್ದು ಅರ್ಧಕ್ಕೇ ಬಿಡುತ್ತಾರೆ. ರೇಸ್ ಶುರು ಮಾಡಲು ಮೆನು ಹುಡುಕಬಾರದು. ಸಿಗ್ನಲ್ ದೀಪದ ಕೆಳಗೆ ಗಾಡಿ ನಿಲ್ಲಿಸಿ ಬ್ರೇಕು, ಎಕ್ಸಲರೇಟರು ಎರಡನ್ನೂ ಒಟ್ಟಿಗೆ ಒತ್ತಬೇಕು. ಇನ್ನೊಂದು, ರೇಸಿಗೆ ಗೊತ್ತುಪಡಿಸಿದ ದಾರಿ ಇಲ್ಲ, ಮುಟ್ಟುವ ಜಾಗ ಮಾತ್ರ ಇದೆ. ಎಲ್ಲಿ ತಿರುಗಬೇಕೆಂಬುದನ್ನು ಪರದೆಯ ಮೇಲ್ಭಾಗದಲ್ಲಿ ಮಿನುಗುವ ರಸ್ತೆಯ ಹೆಸರು ಹೇಳುತ್ತದೆ. ಕಣ್ಣು ಬರೀ ರಸ್ತೆಯ ಮೇಲಿದ್ದರೆ ಅದು ತಪ್ಪಿಹೋಗುತ್ತದೆ. ಊರಿನಲ್ಲಿ ಮುಟ್ಟುವ ಜಾಗಗಳು ಎಂಟೇ. ಎರಡು ಮೂರು ದಿನ ರೇಸ್ ಬಿಟ್ಟು ಸುಮ್ಮನೆ ಸುತ್ತಾಡಿ ಅವನ್ನು ತಲೆಗೆ ಹತ್ತಿಸಿಕೊಳ್ಳಿ, ಆಮೇಲೆ ಮ್ಯಾಪ್ ತೆರೆಯುವ ಅವಶ್ಯಕತೆಯೇ ಬೀಳುವುದಿಲ್ಲ.

ಪೊಲೀಸ್ ಬೆನ್ನಟ್ಟುವ ಆಟದ ವಿಷಯದಲ್ಲಿ ಒಂದು ಎಚ್ಚರಿಕೆ. ನೀವು ಕೆಫೆಯಲ್ಲಿ ಆಡಿದ ಮೋಸ್ಟ್ ವಾಂಟೆಡ್ 2005ರದು, ಒಬ್ಬೊಬ್ಬರನ್ನೇ ಸೋಲಿಸುತ್ತ ಹೋಗಬೇಕಾದ 15 ಜನರ ಬ್ಲ್ಯಾಕ್‌ಲಿಸ್ಟ್ ಇದ್ದದ್ದು. ಅದನ್ನು ಈಗ ಆನ್‌ಲೈನ್ ಅಂಗಡಿಗಳಲ್ಲಿ ಮಾರುವುದಿಲ್ಲ, ಹಳೆಯ ಅಸಲಿ ಡಿಸ್ಕ್ ಸಿಕ್ಕರಷ್ಟೇ. ಅದೇ ಹೆಸರಿನಲ್ಲಿ ಕಾಣುವುದು 2012ರ ಗೇಮ್. ಊರು ಬೇರೆ, ಕಥೆ ಬೇರೆ, ಓಡಿಸುವ ರೀತಿಯೂ ಬೇರೆ. ಹಳೆಯದೆಂದು ತಿಳಿದು ರೊಕ್ಕ ಹಾಕಬೇಡಿ. ಆ ಬೆನ್ನಟ್ಟುವಿಕೆಗೆ ನಾನು ಹೇಳುವುದು ಎನ್‌ಎಫ್‌ಎಸ್ ಸಾಲಿನದೇ ಆದ 2020ರ ಹಾಟ್ ಪರ್ಸ್ಯೂಟ್ ರೀಮಾಸ್ಟರ್ಡ್. ಪೊಲೀಸ್ ಆಗಿಯೂ ಆಡಬಹುದು, ಮೊದಲ ಹತ್ತು ನಿಮಿಷಕ್ಕೇ ಕೈ ಹತ್ತುತ್ತದೆ. ಆದರೆ ಡಿಸ್ಕಿನಲ್ಲಿ 45 ಜಿಬಿ ಜಾಗ ಕೇಳುತ್ತದೆ, ಅಂದರೆ ನಿಮ್ಮ ಡೇಟಾದಲ್ಲಿ ಸುಮಾರು ಒಂದು ತಿಂಗಳು. ಈಗಿನ ಲ್ಯಾಪ್‌ಟಾಪ್‌ಗೂ ಅದು ಭಾರವೇ, ಮುಂದಕ್ಕೆ ಇಟ್ಟುಕೊಳ್ಳಿ. ರೋಡ್ ರ್‍ಯಾಶ್‌ನ ಹೊಡೆದಾಟಕ್ಕೆ 2017ರ ರೋಡ್ ರಿಡೆಂಪ್ಷನ್ ಇದೆ. ಬೈಕಿನ ನಡೆ ಅಷ್ಟು ನಯ ಇಲ್ಲ, ಬಡಿದಾಟ ಮಾತ್ರ ಭರ್ಜರಿ.

ಎಲ್ಲರೂ ಹೇಳುವ ಫೋರ್ಜಾ ಹೊರೈಝನ್ 5 ನಿಮಗೆ ಬೇಡ. ಕನಿಷ್ಠ ಎನ್ವಿಡಿಯಾ ಜಿಟಿಎಕ್ಸ್ 970 ಮಟ್ಟದ ಕಾರ್ಡ್ ಕೇಳುತ್ತದೆ, ಜಾಗ 100 ಜಿಬಿ ದಾಟುತ್ತದೆ.

ಹಳೆಯ ಛಲೋ ಗೇಮ್‌ಗಳು ಅಂಗಡಿಯಿಂದ ಮಾಯ ಆಗುವುದಕ್ಕೆ ಕಾರಣ ಇದೆ. ಅಸಲಿ ಕಂಪನಿಯ ಕಾರು, ಹಾಡು ಇವನ್ನೆಲ್ಲ ಇಂತಿಷ್ಟು ವರ್ಷಕ್ಕೆ ಎಂದು ಲೈಸೆನ್ಸ್ ಪಡೆದು ಬಳಸಿರುತ್ತಾರೆ. ಕರಾರು ಮುಗಿದರೆ ಮಾರುವಂತಿಲ್ಲ. 2018ರ ಫೋರ್ಜಾ ಹೊರೈಝನ್ 4 ಹೀಗೆಯೇ 2024ರ ಡಿಸೆಂಬರ್‌ನಲ್ಲಿ ಮಾರಾಟದಿಂದ ಹೋಯಿತು. ಮೊದಲೇ ಕೊಂಡವರು ಈಗಲೂ ಆಡುತ್ತಾರೆ. ಇದಕ್ಕಿಂತ ಕೆಟ್ಟದ್ದು ಸರ್ವರ್ ಇಲ್ಲದೆ ತೆರೆಯದ ಗೇಮ್. ದಿ ಕ್ರೂ, 2014ರದು, 2024ರ ಮಾರ್ಚ್ 31ಕ್ಕೆ ಸರ್ವರ್ ಬಂದ್ ಆಯಿತು. ರೊಕ್ಕ ಕೊಟ್ಟವರಿಗೂ ಆಟ ಇಲ್ಲ, ಒಬ್ಬರೇ ಆಡುವ ಭಾಗ ಸಹ ಇಲ್ಲ. ಆದ್ದರಿಂದ ಕೊಳ್ಳುವ ಮುನ್ನ ಆಫ್‌ಲೈನ್ ನಡೆಯುತ್ತದೆಯೇ ಎಂದು ನೋಡಲೇಬೇಕು. ಸ್ಲಿಪ್‌ಸ್ಟ್ರೀಮ್, ಆರ್ಟ್ ಆಫ್ ರ್‍ಯಾಲಿ ಎರಡರಲ್ಲೂ ಇರುವುದು ಕಾಲ್ಪನಿಕ ಹೆಸರಿನ ಗಾಡಿಗಳು, ಕಾರು ಲೈಸೆನ್ಸಿನ ತಂಟೆ ಇಲ್ಲ.

ಇನ್ನು ಕೈಯ ವಿಷಯ. ಕೀಬೋರ್ಡ್ ಸರಿ ಇದೆಯೇ ಎಂದು ಮೊದಲು ನೋಡಿ. ನೋಟ್‌ಪ್ಯಾಡ್ ತೆರೆದು ಮೇಲಿನ ಬಾಣ, ಎಡ ಬಾಣ ಎರಡನ್ನೂ ಒತ್ತಿ ಹಿಡಿದು ಸ್ಪೇಸ್ ಒತ್ತಿ. ಖಾಲಿ ಜಾಗ ಮೂಡದಿದ್ದರೆ ನಿಮ್ಮ ಕೀಬೋರ್ಡ್ ಆ ಮೂರು ಕೀಲಿಯನ್ನು ಒಟ್ಟಿಗೆ ಓದುವುದಿಲ್ಲ ಎಂದರ್ಥ. ಗೇಮ್‌ನಲ್ಲಿ ತಿರುಗುವಾಗ ಹ್ಯಾಂಡ್‌ಬ್ರೇಕ್ ಹತ್ತದೇ ಇರುವುದು ಇದರಿಂದಲೇ. ಹ್ಯಾಂಡ್‌ಬ್ರೇಕನ್ನು ಶಿಫ್ಟ್ ಅಥವಾ ಕಂಟ್ರೋಲ್ ಕೀಲಿಗೆ ಬದಲಿಸಿ, ಆ ಕೀಲಿಗಳ ವೈರಿಂಗ್ ಸಾಮಾನ್ಯವಾಗಿ ಬೇರೆ ಇರುತ್ತದೆ.

ಖರ್ಚು ಮಾಡುವುದಾದರೆ ಗೇಮ್‌ಪ್ಯಾಡಿಗೆ ಮೊದಲು ಮಾಡಿ. ವೈರ್ ಇರುವುದನ್ನೇ ತಗೊಳ್ಳಿ. ಎಕ್ಸ್-ಇನ್‌ಪುಟ್ (ವಿಂಡೋಸ್ ಗೇಮ್‌ಗಳು ಗೇಮ್‌ಪ್ಯಾಡ್ ಗುರುತಿಸುವ ರೀತಿ) ಎಂದು ಡಬ್ಬಿಯ ಮೇಲೆ ಬರೆದಿರಬೇಕು, ಹಿಂದಿನ ಎರಡು ಟ್ರಿಗರ್‌ಗಳು ಗುಂಡಿಯಂತೆ ಟಕ್ ಎನ್ನದೆ ನಿಧಾನ ಒಳಗೆ ಇಳಿಯುವಂತಿರಬೇಕು. ಬೆಳಗಾವಿಯಲ್ಲಿ ಅಂಗಡಿಗೆ ಹೋಗಿ ಕೊಳ್ಳುವುದಾದರೆ ಅಲ್ಲೇ ಅವರ ಕಂಪ್ಯೂಟರಿಗೆ ಹಚ್ಚಿ, ವಿಂಡೋಸ್ ಕೀಲಿ ಜೊತೆ ಆರ್ ಒತ್ತಿ ಜಾಯ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಪ್ರಾಪರ್ಟೀಸ್ ತೆರೆಯಿರಿ. ಟ್ರಿಗರ್ ನಿಧಾನ ಒತ್ತಿದಂತೆ ಪಟ್ಟಿಯೂ ನಿಧಾನ ಸರಿಯಬೇಕು, ಒಂದು ಟ್ರಿಗರ್‌ಗೆ ಏರಿದರೆ ಇನ್ನೊಂದಕ್ಕೆ ಇಳಿಯುತ್ತದೆ. ಎರಡೂ ಟ್ರಿಗರ್ ಒಟ್ಟಿಗೆ ಒತ್ತಿದಾಗ ಪಟ್ಟಿ ನಡುವಿಗೆ ಬಂದರೆ ಗಾಬರಿ ಬೇಡ, ವಿಂಡೋಸ್ ಆ ಪರದೆಯಲ್ಲಿ ಎರಡನ್ನೂ ಒಂದೇ ಪಟ್ಟಿಯಲ್ಲಿ ತೋರಿಸುತ್ತದೆ. ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿ ಬಿಟ್ಟ ಮೇಲೂ ಚುಕ್ಕೆ ನಡುವಿಗೆ ಮರಳದೆ ಅಲುಗಾಡುತ್ತಿದ್ದರೆ ಆ ತುಂಡು ಬೇಡ. ಮನೆಗೆ ತಂದ ಮೇಲೆ ಒಂದು ಸಲ ಒತ್ತಿದರೆ ಮೆನುವಿನಲ್ಲಿ ಎರಡು ಸಲ ಸರಿಯುವ ತ್ರಾಸು ಬಂದರೆ, ಸ್ಟೀಮ್‌ನಲ್ಲಿ (ಗೇಮ್ ಮಾರುವ ಆನ್‌ಲೈನ್ ಅಂಗಡಿಯ ಆ್ಯಪ್) ಗೇಮ್‌ನ ಪ್ರಾಪರ್ಟೀಸ್, ಕಂಟ್ರೋಲರ್‌ಗೆ ಹೋಗಿ ಸ್ಟೀಮ್ ಇನ್‌ಪುಟ್ ಬಂದ್ ಮಾಡಿ.

ಲ್ಯಾಪ್‌ಟಾಪ್ ವೇಗಕ್ಕೆ ಒಂದೇ ಒಂದು ದೊಡ್ಡ ಉಪಾಯ ಇದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಎರಡು ಸ್ಲಾಟ್‌ನಲ್ಲಿ ಒಂದೇ ಬಳಕೆಯಲ್ಲಿದೆ ಎಂದು ತೋರಿಸಿದರೆ ಅದೇ ವೇಗದ ಇನ್ನೊಂದು 8 ಜಿಬಿ ಹಾಕಿಸಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ್‍ಯಾಮನ್ನೇ ನೆಚ್ಚಿಕೊಂಡಿರುತ್ತದೆ. ಎರಡು ತುಂಡು ಇದ್ದರೆ ದಾರಿ ಎರಡು ಪಟ್ಟು ಅಗಲ ಆಗುತ್ತದೆ, ಸೆಕೆಂಡಿಗೆ ಮೂಡುವ ಚಿತ್ರಗಳ ಎಣಿಕೆ, ಅಂದರೆ ಫ್ರೇಮ್, ಎದ್ದು ಕಾಣುವಷ್ಟು ಏರುತ್ತದೆ.

ಏಪ್ರಿಲ್-ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುವಾಗ ಮೊದಲ ಹದಿನೈದು ನಿಮಿಷ ಗೇಮ್ ನಯವಾಗಿ ಓಡಿ, ಆಮೇಲೆ ತಡವರಿಸುತ್ತದೆ. ಚಿಪ್ ಕಾಯ್ದು ತಾನೇ ವೇಗ ಇಳಿಸಿಕೊಳ್ಳುವುದರಿಂದ ಹೀಗಾಗುತ್ತದೆ. ಹಾಸಿಗೆಯ ಮೇಲೆ ಇಡಬೇಡಿ, ಹಿಂಬದಿಯನ್ನು ಒಂದು ಇಂಚು ಎತ್ತರಿಸಿ, ವರ್ಷಕ್ಕೊಮ್ಮೆ ಫ್ಯಾನಿನ ಧೂಳು ತೆಗೆಸಿ. ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ (ಚಿಪ್ ತಾನೇ ಹೆಚ್ಚುವರಿ ವೇಗ ಏರಿಸಿಕೊಳ್ಳುವುದು) ನಿಂತು ಕಾವು ಇಳಿಯುತ್ತದೆ. ಈ ಚಿಕ್ಕ ಗೇಮ್‌ಗಳಿಗೆ ಟರ್ಬೊ ಬೇಕಾಗಿಲ್ಲ. ಚಾರ್ಜರ್ ಹಚ್ಚಿಯೇ ಆಡಿ.

ಟಿವಿಗೆ ಜೋಡಿಸಿ ಆಡುವವರು ಟಿವಿಯ ಗೇಮ್ ಮೋಡ್ ಹಾಕಲೇಬೇಕು. ಗಂಟೆಗೆ 200 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 55 ಮೀಟರ್ ಹೋಗುತ್ತದೆ. ಟಿವಿ ಹತ್ತರಲ್ಲೊಂದು ಸೆಕೆಂಡು ತಡ ಮಾಡಿದರೂ ನೀವು ಬ್ರೇಕ್ ತಟ್ಟುವಷ್ಟರಲ್ಲಿ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ.

ಇಬ್ಬರು ಮೂವರು ಕೂಡಿ ಆಡಲು 2020ರ ಹಾಟ್‌ಶಾಟ್ ರೇಸಿಂಗ್ ಅಡ್ಡಿ ಇಲ್ಲ, ಪರದೆ ಹಂಚಿಕೊಂಡು ನಾಲ್ವರವರೆಗೆ ಆಡಬಹುದು. ಮೊಬೈಲ್‌ನಲ್ಲಿ ಆಸ್ಫಾಲ್ಟ್ ಹಾಕುವುದಾದರೆ ಟಚ್‌ಡ್ರೈವ್ ಬಂದ್ ಮಾಡಿ, ಇಲ್ಲದಿದ್ದರೆ ಗಾಡಿ ತಾನೇ ತಿರುಗುತ್ತದೆ. ಅದರಲ್ಲಿ ರೊಕ್ಕ ಕೇಳುವ ಪರದೆಗಳೂ ಬಹಳ.

ಕೊಳ್ಳುವುದಕ್ಕೆ ಸ್ಟೀಮ್ ನೇರ ದಾರಿ, ಬೆಲೆ ರೂಪಾಯಿಯಲ್ಲೇ ಇರುತ್ತದೆ. ಜೂನ್ ಕೊನೆ, ಡಿಸೆಂಬರ್ ಕೊನೆಯ ಸೇಲ್‌ವರೆಗೆ ತಡೆಯಿರಿ. ಕೊಂಡು 14 ದಿನದೊಳಗೆ, ಆಟ 2 ತಾಸು ಮೀರದಿದ್ದರೆ ರೊಕ್ಕ ವಾಪಸು ಕೊಡುತ್ತಾರೆ. ಮೆನು ತೆರೆದಿಟ್ಟು ಊಟಕ್ಕೆ ಎದ್ದು ಹೋದರೆ ಆ ಹೊತ್ತೂ ಲೆಕ್ಕಕ್ಕೆ ಸೇರುತ್ತದೆ. ಅದೇ ಗೇಮ್ ಇರುವ ಗೆಳೆಯ ಫೈಬರ್ ನೆಟ್ ಇರುವ ಮನೆಯಲ್ಲಿದ್ದರೆ ಲ್ಯಾಪ್‌ಟಾಪ್ ಅಲ್ಲಿಗೇ ಒಯ್ಯಿರಿ. ಸ್ಟೀಮ್ ಸೆಟ್ಟಿಂಗ್ಸ್‌ನ ಡೌನ್‌ಲೋಡ್ಸ್‌ನಲ್ಲಿ ಲೋಕಲ್ ನೆಟ್‌ವರ್ಕ್ ವರ್ಗಾವಣೆ ಆನ್ ಮಾಡಿ, ಇಬ್ಬರೂ ಒಂದೇ ವೈಫೈನಲ್ಲಿದ್ದರೆ ಫೈಲುಗಳು ಅವರ ಕಂಪ್ಯೂಟರಿನಿಂದಲೇ ಬರುತ್ತವೆ. ಗೇಮ್ ಮಾತ್ರ ನಿಮ್ಮ ಖಾತೆಯಲ್ಲೂ ಕೊಂಡದ್ದಿರಬೇಕು.

ಇವತ್ತು ರಾತ್ರಿಯೇ ಏನಾದರೂ ಆಡಬೇಕು ಎಂದರೆ ಟ್ರ್ಯಾಕ್‌ಮೇನಿಯಾ ನೇಷನ್ಸ್ ಫಾರೆವರ್ ಇಳಿಸಿಕೊಳ್ಳಿ. 2008ರದು, ಪುಕ್ಕಟೆ, 65 ಟ್ರ್ಯಾಕ್, ನಿಮ್ಮ ಒಂದು ದಿನದ ಡೇಟಾದಲ್ಲಿ ಮುಗಿಯುತ್ತದೆ. ಕೀಬೋರ್ಡಿನಲ್ಲೇ ಆಡಿ, ಇದರ ಒಳ್ಳೆಯ ಆಟಗಾರರಲ್ಲಿ ಬಹಳ ಮಂದಿ ಕೀಬೋರ್ಡಿನವರೇ.