ರಿಪೇರಿಯಿಂದ ಬಂದ ಲ್ಯಾಪ್‌ಟಾಪಿನಲ್ಲಿ ಡಿಫೆಂಡರ್ ಆಫ್
ವಿಂಡೋಸ್ ಹೊಸದಾಗಿ ಹಾಕಿಸಿಕೊಂಡು ಬಂದಾಗಿನಿಂದ ಡಿಫೆಂಡರ್ (ವಿಂಡೋಸ್‌ನದೇ ಆಂಟಿವೈರಸ್) ಆಫ್ ಆಗಿದೆ, ಜಾಹೀರಾತುಗಳು ತಾವಾಗಿಯೇ ತೆರೆದುಕೊಳ್ಳುತ್ತವೆ ಅಂದಿದ್ದೀರಿ. ಬಹುಪಾಲು ಇದು ಕಳ್ಳ ಆ್ಯಕ್ಟಿವೇಟರಿನ, ಅಂದರೆ ಲೈಸೆನ್ಸ್ ಕೊಳ್ಳದೆ ವಿಂಡೋಸನ್ನು ಆ್ಯಕ್ಟಿವೇಟ್ ಮಾಡುವ ಪ್ರೋಗ್ರಾಮಿನ ಕೆಲಸ. ಅದನ್ನು ಓಡಿಸಲು ಡಿಫೆಂಡರ್ ಆಫ್ ಮಾಡುತ್ತಾರೆ, ಜೊತೆಗೆ ಮಾಲ್‌ವೇರ್ ಒಳಗೆ ಬರುತ್ತದೆ. ಲ್ಯಾಪ್‌ಟಾಪ್ ನೋಡದೆ ಖಚಿತವಾಗಿ ಹೇಳಲಾರೆ. ಬೇರೆ ಆಂಟಿವೈರಸ್ ಹಾಕಿಕೊಟ್ಟಿದ್ದರೂ ಡಿಫೆಂಡರ್ ಸುಮ್ಮನಾಗುತ್ತದೆ, ಮೊದಲು ಅದನ್ನು ನೋಡಿ.

ಇಲ್ಲದಿದ್ದರೆ ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್‌ನ ಮ್ಯಾನೇಜ್ ಸೆಟ್ಟಿಂಗ್ಸ್‌ನಲ್ಲಿ ಕೆಳಗಿರುವ ಎಕ್ಸ್‌ಕ್ಲೂಷನ್ಸ್ (ಸ್ಕ್ಯಾನ್ ಬಿಟ್ಟುಬಿಡುವ ಫೈಲ್, ಫೋಲ್ಡರ್‌ಗಳ ಪಟ್ಟಿ) ನೋಡಿ. ನನಗೆ ಬಂದಿದ್ದ ಒಂದು ಲ್ಯಾಪ್‌ಟಾಪಿನಲ್ಲಿ ಇಡೀ ಸಿ ಡ್ರೈವ್ ಅಲ್ಲಿತ್ತು, ಅಂದರೆ ಸ್ಕ್ಯಾನ್ ಯಾವುದನ್ನೂ ಮುಟ್ಟುತ್ತಲೇ ಇರಲಿಲ್ಲ. ನೀವು ಸೇರಿಸದ್ದನ್ನೆಲ್ಲ ತೆಗೆಯಿರಿ. ಡಿಫೆಂಡರ್ ಆನ್ ಮಾಡಿ, ಅಪ್‌ಡೇಟ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ (ವಿಂಡೋಸ್ ತೆರೆಯುವ ಮೊದಲೇ ನಡೆಯುವ ಸ್ಕ್ಯಾನ್) ಕೊಡಿ. ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ನಡೆಯುತ್ತದೆ. ಆಮೇಲೆ ಬ್ರೌಸರಿನ ಗುರುತಿಲ್ಲದ ಎಕ್ಸ್‌ಟೆನ್ಷನ್‌ಗಳನ್ನೂ ನೋಟಿಫಿಕೇಷನ್ ಅನುಮತಿಗಳನ್ನೂ ತೆಗೆದುಹಾಕಿ.

ಆನ್ ಮಾಡಿದರೂ ಮತ್ತೆ ಆಫ್ ಆದರೆ ಹೆಣಗಬೇಡಿ. ಫೋಟೊ, ದಾಖಲೆಗಳನ್ನು ಮಾತ್ರ ಬ್ಯಾಕಪ್ ಮಾಡಿ, ಯಾವ ಸೆಟಪ್ ಫೈಲೂ ಬೇಡ. ಬೇರೆ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಹಳೆಯ ಪಾರ್ಟಿಷನ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಅಳಿಸಿ ವಿಂಡೋಸ್ ಹಾಕಿ. ಪೆನ್‌ಡ್ರೈವಿನಲ್ಲಿರುವುದೂ ಡಿಸ್ಕಿನಲ್ಲಿರುವುದೂ ಪೂರ್ತಿ ಅಳಿಯುತ್ತದೆ, ಬ್ಯಾಕಪ್ ತೆರೆದು ನೋಡಿಕೊಂಡೇ ಮುಂದುವರಿಯಿರಿ. ಲ್ಯಾಪ್‌ಟಾಪ್ ಕೊಂಡಾಗಲೇ ವಿಂಡೋಸ್ 10 ಅಥವಾ 11 ಇದ್ದರೆ, ಅದೇ ಎಡಿಷನ್ (ಹೋಮ್ ಅಥವಾ ಪ್ರೊ) ಹಾಕಿ ನೆಟ್‌ಗೆ ಸೇರಿಸಿದಾಗ ಸಾಮಾನ್ಯವಾಗಿ ತಾನೇ ಆ್ಯಕ್ಟಿವೇಟ್ ಆಗುತ್ತದೆ, ದುಡ್ಡು ಕೊಡಬೇಕಿಲ್ಲ.

ಅಲ್ಲಿಯವರೆಗೆ ಇದರಲ್ಲಿ ಬ್ಯಾಂಕ್ ಲಾಗಿನ್ ಬೇಡವೇ ಬೇಡ. ಈಗಾಗಲೇ ಮಾಡಿದ್ದರೆ ಇವತ್ತೇ ಫೋನಿನಿಂದ ಪಾಸ್‌ವರ್ಡ್ ಬದಲಿಸಿ, ಇಮೇಲಿನದು ಮೊದಲು.