ಹೈಸ್ಕೂಲಿನಲ್ಲಿ ಡಾಕ್ಯುಮೆಂಟರಿ ಪೂರ್ತಿ ತೋರಿಸಬೇಕೇ?

ಹಾವೇರಿ ಕಡೆಯ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೀರಿ. ಶಾಲೆಗೆ ಸ್ಮಾರ್ಟ್ ಟಿವಿ ಬಂದಿದೆ. ವಿಜ್ಞಾನಕ್ಕೂ ಸಮಾಜಕ್ಕೂ ಡಾಕ್ಯುಮೆಂಟರಿ ಹಾಕಿದರೆ ಮಕ್ಕಳಿಗೆ ನಿಜವಾಗಿ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಗದಗ ಜಿಲ್ಲೆಯಲ್ಲಿ ವಿಜ್ಞಾನ ಕಲಿಸುವವನು. ತಿಳಿಯುತ್ತದೆ, ಆದರೆ ಪೂರ್ತಿ ಹಾಕಬೇಡಿ. ಪೂರ್ತಿ ಹಾಕಿದರೆ ಕ್ಲಾಸು ಗಪ್ ಆಗುತ್ತದೆ, ಅಷ್ಟೇ. ಗಪ್ ಕೂತವರೆಲ್ಲ ಕಲಿಯುತ್ತಿರುತ್ತಾರೆ ಅಂತೇನಿಲ್ಲವಲ್ಲ.

ನಾಲ್ಕೈದು ನಿಮಿಷದ ತುಣುಕು ಸಾಕು. ಯಾವ ತುಣುಕು? ನಮ್ಮ ಮಕ್ಕಳು ಇಲ್ಲಿ ನೋಡಲು ಆಗದ್ದು. ಇಲ್ಲೇ ಇರುವುದಕ್ಕೆ ಟಿವಿ ಯಾಕೆ? ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುವುದನ್ನು ವಿಡಿಯೋದಲ್ಲಿ ತೋರಿಸುವವರನ್ನೂ ನಾನು ನೋಡಿದ್ದೇನೆ. ಶಾಲೆಯ ಹಿಂದೆಯೇ ಹೊಲ ಇತ್ತು!

ನನಗೆ ಚೆನ್ನಾಗಿ ಒದಗಿ ಬಂದದ್ದು ಮಾಗಡಿ ಕೆರೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ, ಎಂದರೆ ಜಗತ್ತಿನ ಮಹತ್ವದ ಕೆರೆ, ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಹಕ್ಕಿ ನೋಡಲು ಕೆರೆಗೇ ಹೋಗಬೇಕು. ಆದರೆ ಅವು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆ. ಬರುವುದು ಹಿಮಾಲಯ ದಾಟಿ. 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಇದೆ. ಅದನ್ನು ತೋರಿಸಲು ಟಿವಿಯೇ ಬೇಕು. ಹಿಮದ ಬೆಟ್ಟದ ಮೇಲೆ ಹಾರುವ ಸಾಲನ್ನು ತೋರಿಸಿ ಅಲ್ಲೇ ನಿಲ್ಲಿಸಿದೆ. "ಸರ್, ಅಷ್ಟು ಮ್ಯಾಲೆ ಉಸಿರು ಹೆಂಗ ಆಡ್ತಾವರಿ?" ಎಂದು ಒಬ್ಬ ಹುಡುಗಿ ಕೇಳಿದಳು. ನನಗೆ ಬೇಕಾಗಿದ್ದೂ ಅದೇ. ಆ ಹಕ್ಕಿಯ ಹಿಮೋಗ್ಲೋಬಿನ್ ಬಯಲಿನ ಹಕ್ಕಿಗಳಿಗಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿಯುತ್ತದೆ, ಹಾಗಾಗಿ ತೆಳು ಗಾಳಿಯಲ್ಲೂ ನಡೆಯುತ್ತದೆ. ರಕ್ತದ ಪಾಠ ಅಲ್ಲಿಂದ ಶುರುವಾಯಿತು.

ಇನ್ನೊಂದು ಮಾತು. ಧ್ವನಿ ಬಂದ್ ಮಾಡಿ ತೋರಿಸಿ. ಹೆಚ್ಚಿನವು ಇಂಗ್ಲಿಷಿನಲ್ಲಿರುತ್ತವೆ, ಕನ್ನಡಕ್ಕೆ ಮಾಡಿದವುಗಳ ಭಾಷೆಯೂ ಕೆಲವೊಮ್ಮೆ ಮಕ್ಕಳ ತಲೆ ಮೇಲೆ ಹೋಗುತ್ತದೆ. ವಿವರಣೆ ನೀವೇ ಕೊಡಿ. ಧ್ವನಿ ಇಲ್ಲದಿದ್ದರೆ ಮಕ್ಕಳು ಕಣ್ಣು ಜಾಸ್ತಿ ಬಳಸುತ್ತಾರೆ.

ಡಾಕ್ಯುಮೆಂಟರಿಯಲ್ಲಿ ಇರುವುದೆಲ್ಲ ಖರೆ ಅಂತ ಮಕ್ಕಳು ನಂಬಿಬಿಡುತ್ತಾರೆ, ಇದನ್ನು ಬಿಡಬೇಡಿ. 1958ರ ಒಂದು ಡಿಸ್ನಿ ಚಿತ್ರದಲ್ಲಿ ಲೆಮಿಂಗ್ ಎಂಬ ಇಲಿಯಂಥ ಪ್ರಾಣಿಗಳು ತಾವಾಗಿಯೇ ಬಂಡೆಯಿಂದ ನೀರಿಗೆ ಬೀಳುವಂತೆ ತೋರಿಸಿದ್ದರು. ಆ ದೃಶ್ಯ ಚಿತ್ರ ತಂಡದವರೇ ಹೂಡಿದ್ದು ಎಂದು ಆಮೇಲೆ ಬಯಲಾಯಿತು. ಸೌರಮಂಡಲದ ವಿಡಿಯೋಗಳೂ ಅಷ್ಟೇ, ಗ್ರಹಗಳು ಒತ್ತೊತ್ತಾಗಿ ಸುತ್ತುತ್ತಿರುತ್ತವೆ. ಮೈದಾನಕ್ಕೆ ಕರೆದುಕೊಂಡು ಹೋಗಿ ಒಂದು ಫುಟ್‌ಬಾಲ್ ಇಡಿ. ಅದು ಸೂರ್ಯ. ಸುಮಾರು 24 ಮೀಟರ್ ದೂರದಲ್ಲಿ ಒಂದು ಸಾಸಿವೆ ಕಾಳು. ಅದು ಭೂಮಿ. ಇದೇ ಅಳತೆಯಲ್ಲಿ ನೆಪ್ಚೂನ್ 700 ಮೀಟರ್ ಆಚೆ, ಎಂದರೆ ಬಹಳಷ್ಟು ಶಾಲೆಗಳ ಕಾಂಪೌಂಡಿನ ಹೊರಗೆ. ಇದನ್ನು ಮಾಡಿ ಬಂದ ಮೇಲೆ ಅದೇ ವಿಡಿಯೋ ಹಾಕಿದರೆ ತಪ್ಪು ಎಲ್ಲಿದೆ ಅಂತ ಮಕ್ಕಳೇ ಹೇಳುತ್ತಾರೆ.

ಸಮಾಜ ನನ್ನ ವಿಷಯ ಅಲ್ಲ, ಆದರೂ ನೀವು ಹಾವೇರಿಯವರಾದ್ದರಿಂದ ಒಂದು ಹೇಳುತ್ತೇನೆ. 1930ರ ದಂಡಿ ಯಾತ್ರೆಯ ಹಳೇ ದೃಶ್ಯಗಳು ಸಿಗುತ್ತವೆ. ತೋರಿಸುವಾಗ, ಈ ಯಾತ್ರೆಯಲ್ಲಿ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರೂ ನಡೆದಿದ್ದರು ಎಂದು ಹೇಳಿ. ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಆ ಊರುಗಳ ಬಸ್ಸಿನಲ್ಲಿ ಓಡಾಡುವ ಮಕ್ಕಳಿಗೆ ಪರದೆಯ ಮೇಲಿನ ಗುಂಪು ಆಮೇಲೆ ಬೇರೆಯೇ ಕಾಣುತ್ತದೆ.

ವಿಡಿಯೋ ಹುಡುಕಲು ಮೊದಲು ಪಠ್ಯಪುಸ್ತಕದ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ, ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಪಾಠದ್ದೇ ಸಿಗುತ್ತದೆ. ಎಲ್ಲವೂ ಚೆನ್ನಾಗಿಲ್ಲ, ಆರಿಸಿಕೊಳ್ಳಿ. ಬೇಕಾದ್ದನ್ನು ಹಿಂದಿನ ದಿನವೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ, ಶಾಲೆಯ ನೆಟ್ ನಂಬಿ ಕ್ಲಾಸಿಗೆ ಹೋಗಬೇಡಿ. ಕರೆಂಟ್ ಹೋದರೆ ಏನು ಪಾಠ ಮಾಡುವುದು ಅಂತಲೂ ಯೋಚಿಸಿಟ್ಟುಕೊಂಡಿರಿ.